ಎರಡನೇ ಮನೆ

ಅಚ್ಚಿಗೆ ನಾಲ್ಕು ಮನೆ. ಅಪ್ಪ ಹಾಗೇ ಅನ್ನುತ್ತಿದ್ದ,
ಗುಳಿ ಅನ್ನುತ್ತಿರಲಿಲ್ಲ.
ಕೊರಟಗೆರೆಯ ಸಂತೆಬೀದಿ ಹಿಂದಿನ ತಗಡಿನ ಕುಲುಮೆಯಲ್ಲಿ
ಲಾರಿ ಚಕ್ರದ ಹಳೇ ಸೀಸ ಕರಗಿ ಕನ್ನಡಿಯಾಗುವಾಗ
ಚೂರು ಮೇಣ ಹಾಕಿ, ಕಿಟ್ಟ ತೆಗೆದು,
ಅಚ್ಚಿನ ಒಳಮೈಗೆ ಬುಡ್ಡಿದೀಪದ ಮಸಿ ಹಿಡಿದು,
ಉಸಿರು ಕಟ್ಟಿ ಸೌಟು ಬಗ್ಗಿಸುತ್ತಿದ್ದ.
ಮೊದಲೆರಡು ಎರಕ ಸುಕ್ಕುಸುಕ್ಕು,
ಎಳೆಗೂಸಿನ ಅಂಗಾಲಿನ ಹಾಗೆ. ಅವು ಮತ್ತೆ ಬೆಂಕಿಗೆ.
ಅಚ್ಚು ಬಿಸಿಯೇರಿದ ಮೇಲೆ ಬಿದ್ದವು ನನ್ನ ಪಾಲು,
ಗೋಣಿತಾಟಿನ ಮೇಲೆ ಉರುಳುವ ಬೆಳ್ಳಿ ಎಲಚಿಹಣ್ಣು.
'ಬಾಲ ಕತ್ತರಿಸು. ಮನೆ ನೋಡಿ ಬೇರೆ ಮಾಡು, ಕಾಳಿ.'

ನೋಡಿದರೆ ಏನೂ ಕಾಣದು, ನಾಲ್ಕೂ ಒಂದೇ ಬಸಿರಿನವು.
'ಕಣ್ಣು ಬಿಡು, ಹೆಬ್ಬೆರಳನ್ನು ಕೇಳು' ಅಂದ.
ಒಂದನೇ ಮನೆಯದು ಕೂದಲೆಳೆಯಷ್ಟು ಸಣ್ಣದು.
ಮೂರನೆಯದು ಅಕ್ಕಸಾಲಿ ಮಾವನ ತಕ್ಕಡಿಯಲ್ಲಿ
ಎರಡು ಗುಲಗಂಜಿ ಜಾಸ್ತಿ ತೂಗುತ್ತಿತ್ತು.
ನಾಲ್ಕನೆಯದನ್ನು ಹಿತ್ತಾಳೆ ತಟ್ಟೆಗೆ ಬಿಟ್ಟರೆ
ನೆಟ್ಟಗೆ ಹೋಗದು, ಕುಡಿದವನಂತೆ ಗೋಡೆ ಹುಡುಕುತ್ತಿತ್ತು.
ಎರಡನೆಯದಕ್ಕೆ ಹೊಟ್ಟೆಯ ಹತ್ತಿರ ಒಂದು ಉಬ್ಬು ಗೆರೆ,
ಅಚ್ಚು ಕೊರೆಯುವಾಗ ಬೈರಿಗೆ ಜಾರಿದ ಗುರುತು,
ರಾಗಿ ಕಾಳಿನಷ್ಟು.

ಮನೆಗೊಬ್ಬ ಗಿರಾಕಿ. ಹಂದಿ ಕಾಯಲು ಲೈಸೆನ್ಸು ಪಡೆದ ನಳಿಗೆಗಳು,
ಸವೆದವು, ಸವೆಯದವು.
ತೋವಿನಕೆರೆಯ ಪಾತಲಿಂಗಪ್ಪನಿಗೆ ಒಂದನೆಯದು,
ಬುಡೇನ್ ಸಾಬರ ಅಗಲ ನಳಿಗೆಗೆ ಮೂರು,
ನಾಲ್ಕು, ಹೇಗಿದ್ದರೂ ಗುರಿ ತಪ್ಪುವ ಶಾನುಭೋಗರಿಗೆ.
ಎರಡನೆಯದನ್ನು ಮಾರುತ್ತಿರಲಿಲ್ಲ. ಊನದ ಮಾಲು ಕೊಟ್ಟರೆ
ಹೆಸರು ಕೆಡುತ್ತೆ, ನಮ್ಮನೆಗಿರಲಿ ಎಂದು
ಹಾರ್ಲಿಕ್ಸ್ ಬಾಟಲಿಗೆ ತುಂಬಿ ಅಟ್ಟದ ಮೇಲಿಡುತ್ತಿದ್ದ,
ನಮ್ಮ ಕೋವಿಯ ಪಕ್ಕ.

ಕಡಲೆಕಾಯಿ ಬಲಿಯುವ ತಿಂಗಳು ದಫೇದಾರ ಬಂದ.
ಬೆಂಕಿಪೊಟ್ಟಣ ತೆರೆದು ಅಡಿಗಲ್ಲಿನ ಮೇಲೆ ಸುರಿದ.
ಒಂದು ಕಡೆ ಹಪ್ಪಳದಂತೆ ಚಪ್ಪಟೆ,
ಇನ್ನೊಂದು ಕಡೆ ದುಂಡಗೇ ಉಳಿದ ಸೀಸ.
ಕುರಿ ಕಾಯುವ ಸಿರಿಯಣ್ಣನ ಬೆನ್ನಿನಿಂದ ತೆಗೆದದ್ದು.
ತಪ್ಪಿದ ಮರಿ ಹುಡುಕುತ್ತ ಕತ್ತಲಲ್ಲಿ ಬಗ್ಗಿದ್ದನಂತೆ,
ಹಂದಿಯ ಎತ್ತರಕ್ಕೆ.
'ಯಾರ ಮನೇದು, ಆಚಾರ್ರೇ?'
ಅಪ್ಪ ಅದನ್ನು ಮುಟ್ಟಲಿಲ್ಲ.
'ಸೀಸ, ಸ್ವಾಮಿ. ಸೀಸಕ್ಕೆಲ್ಲಿಯ ಕುಲಗೋತ್ರ?'
ನೀರು ತಂದ ನಾನು ಚೊಂಬು ಇಡುವ ನೆಪದಲ್ಲಿ
ಹೆಬ್ಬೆರಳಿಟ್ಟೆ.
ರಾಗಿ ಕಾಳಿನಷ್ಟು.
ಅಪ್ಪ ನನ್ನ ಬೆರಳು ನೋಡಿದ, ಮುಖ ನೋಡಲಿಲ್ಲ.
ಒಳಗೆ ಅಣ್ಣ ಇನ್ನೂ ಕಂಬಳಿ ಹೊದ್ದು ಮಲಗಿದ್ದ.
ಹೊಸಿಲ ಬಳಿ ಅವನ ಮೆಟ್ಟಿನಲ್ಲಿ ಹಸಿ ಕೆಮ್ಮಣ್ಣು,
ಮಣ್ಣಲ್ಲಿ ಅಂಟಿದ ಕಡಲೆಗಿಡದ ಎಲೆ.

ನಾನೇನೂ ಅನ್ನಲಿಲ್ಲ. ಆಗ ನನಗೆ ಹದಿಮೂರು ವರ್ಷ
ಎಂದು ಹೇಳಿಕೊಳ್ಳುತ್ತ ಬಂದಿದ್ದೇನೆ.
ಹದಿನಾರಾಗಿತ್ತು.

ಅಣ್ಣ ಲಾರಿ ಹತ್ತಿದ, ಬಳ್ಳಾರಿಯ ಕಡೆ ಎಲ್ಲೋ ತೀರಿಕೊಂಡ.
ಬಾಟಲಿ ಎಲ್ಲಿಗೆ ಹೋಯಿತೋ ಅಪ್ಪ ಹೇಳದೆ ಹೋದ.
ಸಿರಿಯಣ್ಣನ ಹೆಂಡತಿ ಚಿಕ್ಕೀರಮ್ಮ
ಕುಡುಗೋಲು ತಟ್ಟಿಸಲು ವರ್ಷಕ್ಕೆರಡು ಸಲ ಬರುತ್ತಿದ್ದಳು.
ಕಾಸು ಬೇಡವೆನ್ನುತ್ತಿದ್ದೆ. ಯಾಕೆಂದು ಅವಳು
ಒಂದೇ ಒಂದು ಸಲ ಕೇಳಿದಳು,
ಆಮೇಲೆ ಮಧುಗಿರಿಯಲ್ಲಿ ಬೇರೆ ಕುಲುಮೆ ನೋಡಿಕೊಂಡಳು.

ಅಚ್ಚು ನನ್ನ ಹತ್ತಿರವೇ ಇದೆ. ತೀತಾ ನೀರಿನ ಬೆಸ್ತರಿಗೆ
ಬಲೆಯ ಗುಂಡು ಎರೆದು ಕೊಡುತ್ತೇನೆ, ಮೂರೇ ಮನೆಗೆ.
ಮೊನ್ನೆ ತಿದಿ ಒತ್ತುವ ಹುಡುಗ ಕೇಳಿದ,
'ಎರಡನೇದು ಯಾಕಜ್ಜಿ ಖಾಲಿ?'
'ಅದು ಬಿಸಿಯಾಗಲ್ಲ ಕಣೋ' ಅಂದೆ.
ಅವನು ಬೆರಳಿಟ್ಟು ನೋಡಿದ,
ಚುರ್ರೆಂದು ಎಳೆದುಕೊಂಡ,
ಬಾಯಲ್ಲಿಟ್ಟ ಬೆರಳು ತೆಗೆಯದೆ
ನನ್ನನ್ನೇ ನೋಡುತ್ತ ಕೂತ.